ಗೋವಿನ ಹಾಡನ್ನು ಬೇಟೆಯ ಪದ್ಯ ಅಂತ ಓದಬಹುದಾ? ಲಯ, ಪ್ರಾಸ, ಭಾವದ ಬಗ್ಗೆ ಹೇಳಿ

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡ್ತೀನಿ. ನಮ್ಮ ಕಾವ್ಯಗಳಲ್ಲಿ ಬೇಟೆ ಹೇಗೆ ಬರುತ್ತೆ ಅಂತ ಒಂದು ಪೀರಿಯಡ್ ಮಾತಾಡೋಕೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಡೋದು, ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಒಂದೇ ಹಂದಿಗೆ ಶಿವನೂ ಅರ್ಜುನನೂ ಬಾಣ ಬಿಟ್ಟು ಜಗಳಕ್ಕೆ ನಿಲ್ಲೋದು, ಇವೆರಡನ್ನೂ ಹೇಳಿದೆ. ಕೊನೆ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಗೋವಿನ ಹಾಡೂ ಬೇಟೆದೇ ಅಲ್ವಾ? ಹುಲಿ ಹೊಂಚು ಹಾಕುತ್ತೆ, ಹಿಡಿಯುತ್ತೆ, ಬಿಡುತ್ತೆ" ಅಂದಳು. ನಾನು ಒಂದು ನಿಮಿಷ ಸುಮ್ಮನೆ ನಿಂತುಬಿಟ್ಟೆ. ಇಪ್ಪತ್ತು ವರ್ಷದಿಂದ ಈ ಹಾಡನ್ನ ಸತ್ಯದ ಪಾಠ ಅಂತಲೇ ಹೇಳಿಕೊಟ್ಟಿದ್ದೀನಿ, ಹುಲಿ ಕಡೆಯಿಂದ ಒಂದು ಸಲವೂ ನೋಡಿರಲಿಲ್ಲ.

ಈ ಹಾಡಿನ ಕಟ್ಟು ಹೇಗಿದೆ, ಅದರಿಂದ ಭಾವ ಹೇಗೆ ಹುಟ್ಟುತ್ತೆ, ತಿಳಿದವರು ಬಿಡಿಸಿ ಹೇಳ್ತೀರಾ? ನಾಳಿದ್ದು ಅದೇ ತರಗತಿ ಇದೆ.

ಮಲೆಸೀಮೆ:
ಒಳ್ಳೇ ಪ್ರಶ್ನೆ. ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ.

ಹರಿಹರದ ಹೈದ:
ಹುಲಿ ಹೊಟ್ಟೆಗೆ ಹಿಡಿಯುತ್ತೆ, ಅದನ್ನ ಬೇಟೆ ಅನ್ನಬಹುದು. ಆದ್ರೆ ಕಾವ್ಯದಲ್ಲಿ ಬೇಟೆ ಅಂದ್ರೆ ರಾಜ, ಬಲೆ, ನಾಯಿ, ಬೇಡರ ಪಡೆ. ಮಹಾಕಾವ್ಯದಲ್ಲಿ ಇರಬೇಕು ಅನ್ನೋ ಹದಿನೆಂಟು ವರ್ಣನೆ, ಅಂದ್ರೆ ಅಷ್ಟಾದಶ ವರ್ಣನೆಯಲ್ಲಿ ಅದೂ ಒಂದು. ಗೋವಿನ ಹಾಡು ಜನಪದ ಕಥನಗೀತೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಗದುಗಿನ ಗಾಳಿ:
@ಹರಿಹರದ ಹೈದ ಒಂದು ತಿದ್ದುಪಡಿ ಸರ್. ಸಂಸ್ಕೃತದ ಕಾವ್ಯಶಾಸ್ತ್ರಕಾರ ದಂಡಿ ಕೊಡೋ ಪಟ್ಟಿಯಲ್ಲಿ ಬೇಟೆ ಇಲ್ಲ. ನಗರ, ಸಮುದ್ರ, ಬೆಟ್ಟ, ಋತು, ಜಲಕ್ರೀಡೆ, ಮದುವೆ, ದೂತ, ಪ್ರಯಾಣ, ಯುದ್ಧ ಎಲ್ಲಾ ಇದೆ, ಮೃಗಯೆ, ಅಂದ್ರೆ ಬೇಟೆ, ಇಲ್ಲ. ಸಾಹಿತ್ಯದರ್ಪಣ ಅನ್ನೋ ಇನ್ನೊಂದು ಸಂಸ್ಕೃತ ಕಾವ್ಯಶಾಸ್ತ್ರದ ಪಟ್ಟಿಯಲ್ಲಿ ಮೃಗಯಾ ಬರುತ್ತೆ. ಪಟ್ಟಿಯಲ್ಲಿ ಇದೆ ಅಂತ ನಮ್ಮ ಕವಿಗಳು ಬೇಟೆ ಬರೆದರು ಅನ್ನೋದಕ್ಕಿಂತ, ಬೇಟೆ ಸುತ್ತಲೂ ಇತ್ತು, ಅದಕ್ಕೇ ಬರೆದರು ಅನ್ನೋದು ಸರಿ.

ಹರಿಹರದ ಹೈದ:
ಒಪ್ಪಿದೆ. ದಂಡಿ ವಿಷಯ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದ್ರೂ ನನ್ನ ಮುಖ್ಯ ಮಾತು ಹಾಗೇ ಇದೆ.

ಎಳೆಮಾವು:
ಇದು ಭಾಮಿನಿ ಷಟ್ಪದಿ ತಾನೇ? ನಮ್ಮ ಮೇಷ್ಟ್ರು ಹಾಗಂತ ಹೇಳಿದ್ದ ನೆನಪು.

ತಾಳಮದ್ದಳೆ:
ಷಟ್ಪದಿ ಅಲ್ಲ, ನಾಲ್ಕೇ ಸಾಲು, ಚೌಪದಿ. ಆದ್ರೆ ನಡಿಗೆ ಮಾತ್ರ ಭಾಮಿನಿಯದೇ, ಅದಕ್ಕೇ ಹಾಗೆ ಕೇಳಿಸುತ್ತೆ. ಮೂರು-ನಾಲ್ಕು, ಮೂರು-ನಾಲ್ಕು. ತಾಳ ಹಾಕೋರಿಗೆ ಮಿಶ್ರಛಾಪು, ಏಳು. ಹುಲಿ ಎರಗೋ ಪದ್ಯ ತಗೊಳ್ಳಿ:

ಸಿಡಿದು ರೋಷದಿ ಮೊರೆಯುತಾ ಹುಲಿ
ಘುಡುಘುಡಿಸಿ ಭೋರಿಡುತ ಛಂಗನೆ
ತುಡುಕಲೆರಗಿದ ರಭಸಕಂಜಿ
ಚೆದರಿ ಹೋದವು ಹಸುಗಳು

ಮೊದಲ ಸಾಲು ಬಿಡಿಸಿದರೆ ಸಿಡಿದು (3), ರೋಷದಿ (4), ಮೊರೆಯು (3), ತಾ ಹುಲಿ (4). ಲೆಕ್ಕ 14, ಒಂದು ಮಾತ್ರೆ ಆಚೀಚೆ ಇಲ್ಲ. ಶುರುವಿನ ಎರಡು ಗಣದಲ್ಲಿ ಪದ ಮುಗಿಯೋದೂ ಗಣ ಮುಗಿಯೋದೂ ಒಟ್ಟಿಗೇ. ಹುಲಿ ಇನ್ನೂ ಕಾಲೂರಿ ನಿಂತಿದೆ.

ಎರಡನೇ ಸಾಲು ನೋಡಿ. ಘುಡುಘು | ಡಿಸಿ ಭೋ | ರಿಡುತ | ಛಂಗನೆ. ಇದೂ 14. ಆದ್ರೆ 'ಘುಡುಘುಡಿಸಿ' ಮಧ್ಯದಲ್ಲಿ ಒಡೆಯುತ್ತೆ, 'ಭೋರಿಡುತ' ಮಧ್ಯದಲ್ಲಿ ಒಡೆಯುತ್ತೆ. ಪದ ಗಣದ ಬೇಲಿ ಹಾರಿ ಮುಂದಕ್ಕೆ ಹೋಗ್ತಿದೆ. ಕೊನೆಗೆ 'ಛಂಗನೆ' ಮಾತ್ರ ಪೂರ್ತಿ ಒಂದು ಗಣದಲ್ಲಿ ಬಂದು ಕೂತ್ಕೊಳ್ಳುತ್ತೆ. ನೆಗೆತ ಮುಗಿದು ನೆಲ ಮುಟ್ಟಿದ ಹಾಗೆ. ಕೈಯಲ್ಲಿ ತಾಳ ಹಾಕ್ಕೊಂಡು ಎರಡು ಸಲ ಹೇಳಿ, ಗೊತ್ತಾಗುತ್ತೆ.

ನಾಲ್ಕನೇ ಸಾಲು ಮೊಟಕು. ಚೆದರಿ (3), ಹೋದವು (4), ಹಸುಗ (3), ಆಮೇಲೆ 'ಳು' ಒಂದೇ. ಉಳಿದ ಜಾಗ ಬರೀ ಮೌನ, ಅಥವಾ ಎಳೆತ. ಹಾಡಿನ ಎಲ್ಲ ಪದ್ಯವೂ ಹೀಗೇ ಮೊಟಕಾಗಿ ನಿಲ್ಲುತ್ತೆ. ಆದ್ರೆ ಇಲ್ಲಿ ಆ ಮೌನದಲ್ಲಿ ಹಿಂಡು ಓಡಿಹೋದ ಮೇಲಿನ ಬಯಲು ಕಾಣುತ್ತೆ.

ಸೀಮೆಸುಣ್ಣ:
@ತಾಳಮದ್ದಳೆ ಸರ್, ಇದೇ ಬೇಕಿತ್ತು ನನಗೆ. ತುಂಬಾ ಧನ್ಯವಾದ.

ಬಂಡೀಪುರದ ಬದಿ:
ನಮ್ಮೂರು ಕಾಡಂಚು. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹುಲಿ ಹಂಗೆ ಘುಡುಘುಡಿಸಿ ಭೋರ್ ಅಂತ ಬರಲ್ಲ. ಗಾಳಿ ನೋಡ್ಕೊಂಡು, ಲಂಟಾನ ಪೊದೆ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಬರುತ್ತೆ, ಎಲೆ ಅಲ್ಲಾಡಲ್ಲ. ಹತ್ತಿರ ಬಂದ ಮೇಲೆ ನಾಕು ನೆಗೆತ, ಕುತ್ತಿಗೆ ಹಿಡಿಯುತ್ತೆ, ಆಯ್ತು.

ಮೂರು ವರ್ಷದ ಹಿಂದೆ ನಮ್ಮ ಮನೆ ಹಸು ಹೋಯ್ತು. ನಾನು ಅಲ್ಲೇ ಹೊಲದ ಬದುವಿನ ಮೇಲೆ ಕೂತಿದ್ದೆ, ಅರವತ್ತು ಎಪ್ಪತ್ತು ಹೆಜ್ಜೆ ದೂರ. ಏನೂ ಕೇಳಿಸಲಿಲ್ಲ. ಕೊರಳ ಗಂಟೆ ಒಂದು ಸಲ ಜೋರಾಗಿ ಆಡ್ತು, ಆಮೇಲೆ ನಿಂತೋಯ್ತು. ನಾನು ತಲೆ ಎತ್ತಿದ್ದೇ ಗಂಟೆ ನಿಂತಿದ್ದಕ್ಕೆ. ಮನೇಲಿ ಕರು ಇತ್ತು, ಎರಡು ತಿಂಗಳದ್ದು. ಅದನ್ನ ಬಾಟಲಿ ಹಾಲು ಹಾಕಿ ಸಾಕಿದ್ದು ನನ್ನ ಹೆಂಡತಿ. ಅದಾದ ಮೇಲೆ ಮನೇಲಿ ಯಾರೂ ಈ ಹಾಡು ಹಾಡಿಲ್ಲ.

ಮಲೆಸೀಮೆ:
ಅಣ್ಣಾ, ಓದಿ ಎದೆ ಭಾರ ಆಯ್ತು. ಕರು ಈಗ ಹೇಗಿದೆ?

ಬಂಡೀಪುರದ ಬದಿ:
ಚೆನ್ನಾಗಿದೆ. ಈಗ ಅದೇ ಕರು ಹಾಕಿದೆ.

ಗಮಕಾಭಿಮಾನಿ:
@ಬಂಡೀಪುರದ ಬದಿ ನೀವು ಹೇಳಿದ್ದು ಹುಲಿಯ ನಿಜ. ಹಾಡು ಹೇಳ್ತಿರೋದು ಹಸುವಿನ ಕಿವಿಗೆ, ಕೇಳುಗನ ಕಿವಿಗೆ ಬಿದ್ದದ್ದನ್ನ. ಸುಮ್ಮನೆ ಬಂದ ಹುಲಿಯನ್ನ ಹಾಡಿನಲ್ಲಿ ತರೋದು ಹೇಗೆ? ಘುಡುಘುಡು, ಭೋರ್, ಛಂಗ್, ಈ ಸದ್ದೆಲ್ಲ ಭಯದ ಸದ್ದು. ನಿಮ್ಮ ಗಂಟೆಯ ಮಾತು ಮಾತ್ರ ಯಾವ ಕವಿಗೂ ಹೊಳೆದಿಲ್ಲ ಅನ್ನಿಸುತ್ತೆ.

ಬಂಡೀಪುರದ ಬದಿ:
ಅದು ಒಪ್ತೀನಿ. ಸದ್ದಿಲ್ಲದ್ದನ್ನ ಹಾಡೋಕೆ ಆಗಲ್ಲ.

ಪ್ರಾಸಬದ್ಧ:
ಯಾರೂ ಪ್ರಾಸದ ಮಾತು ಎತ್ತಿಲ್ಲ! ಅದರಲ್ಲೇ ಇದೆ ವಿಷಯ.

ಆದಿಪ್ರಾಸ ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ಛಂದಸ್ಸಿನ ಬಗ್ಗೆ ಬರೆದ ನಾಗವರ್ಮ ಆರು ಪ್ರಾಸಗಳಿಗೆ ಪ್ರಾಣಿಗಳ ಹೆಸರನ್ನೇ ಇಟ್ಟಿದ್ದಾನೆ. ಹಿಂದಿನ ಅಕ್ಷರ ಹ್ರಸ್ವ ಆದ್ರೆ ಸಿಂಹ, ದೀರ್ಘ ಆದ್ರೆ ಗಜ, ಸೊನ್ನೆ ಇದ್ರೆ ವೃಷಭ, ವಿಸರ್ಗ ಇದ್ರೆ ಅಜ, ಬೇರೆ ಬೇರೆ ವ್ಯಂಜನದ ಒತ್ತಕ್ಷರ ಆದ್ರೆ ಶರಭ, ಅದೇ ಅಕ್ಷರದ ಒತ್ತು ಆದ್ರೆ ಹಯ.

ಈಗ ಹುಲಿಯ ಪದ್ಯ: ಸಿಡಿದು, ಘುಡುಘುಡಿಸಿ, ತುಡುಕಲ್. ಸಿಂಹಪ್ರಾಸ. ಹಸು ತನ್ನನ್ನೇ ಒಪ್ಪಿಸೋ ಪದ್ಯ:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿ ರಕ್ತವಿದೆಕೋ
ಚಂಡವ್ಯಾಘ್ರನೆ ನೀನಿದೆಲ್ಲವ
ಉಂಡು ಸಂತಸದಿಂದಿರು

ಖಂಡ, ಗುಂಡಿ, ಚಂಡ, ಉಂಡು. ವೃಷಭಪ್ರಾಸ! ಬೇಟೆಗಾರನಿಗೆ ಸಿಂಹ, ಹಸುವಿಗೆ ವೃಷಭ.

ಗದುಗಿನ ಗಾಳಿ:
ಕೇಳೋಕೆ ಚೆಂದ, ಆದ್ರೆ ನಿಲ್ಲಲ್ಲ. 'ಧರಣಿ ಮಂಡಲ ಮಧ್ಯದೊಳಗೆ' ಪದ್ಯವೂ ಸಿಂಹಪ್ರಾಸವೇ. ಧರಣಿ, ಮೆರೆಯುತಿಹ, ಇರುವ, ಪರಿಯ. ಅಲ್ಲಿ ಹುಲಿಯ ಸುದ್ದಿಯೇ ಇಲ್ಲ. 'ಎಳೆಯ ಮಾವಿನ ಮರದ ಕೆಳಗೆ' ಕೂಡ ಅದೇ. ಗೊಲ್ಲ ಕೊಳಲೂದೋಕೂ ಸಿಂಹ ಬೇಕಾ? ಕನ್ನಡದಲ್ಲಿ ಹ್ರಸ್ವದಿಂದ ಶುರುವಾಗೋ ಪದ ರಾಶಿ ರಾಶಿ ಇವೆ, ಸಿಂಹಪ್ರಾಸ ತಾನಾಗೇ ಬೀಳುತ್ತೆ. ಹೆಸರಿನ ಹೊಂದಿಕೆ ನೋಡಿ ಅರ್ಥ ಕಟ್ಟೋದು ಬೇಡ.

ಪ್ರಾಸಬದ್ಧ:
ಸರಿ, ಹೆಸರಿನ ಮಾತು ಬಿಡ್ತೀನಿ. ಆದ್ರೆ ಇನ್ನೊಂದು ನೋಡಿ, ಇದನ್ನ ನೀವು ತಳ್ಳಿಹಾಕೋಕೆ ಆಗಲ್ಲ. ಹುಲಿಯ ಪದ್ಯದಲ್ಲಿ ಮೂರು ಸಾಲು ಡ, ಡ, ಡ. ನಾಲ್ಕನೇದು 'ಚೆದರಿ', ದ. ಹಸುಗಳು ಚೆದುರಿದ ಸಾಲಿನಲ್ಲೇ ಪ್ರಾಸವೂ ಚೆದುರಿದೆ!

ಹರಿಹರದ ಹೈದ:
ಬಾಯಿಂದ ಬಾಯಿಗೆ ಬಂದ ಹಾಡು. ಎಷ್ಟು ಕಡೆ ಪ್ರಾಸ ತಪ್ಪಿಲ್ಲ? ಯಾರೋ ಒಬ್ಬರು ತಪ್ಪಿಸಿ ಹಾಡಿರ್ತಾರೆ, ಅದೇ ಅಚ್ಚಾಗಿರುತ್ತೆ. ಅದರಲ್ಲಿ ಕಲೆ ಹುಡುಕೋದು ನಮ್ಮ ಆಸೆ ಅಷ್ಟೇ.

ಗಮಕಾಭಿಮಾನಿ:
@ಹರಿಹರದ ಹೈದ ತಪ್ಪೇ ಇರಲಿ. ನೂರಾರು ಜನ ಹಾಡಿದ ಮೇಲೂ ಯಾರೂ ತಿದ್ದದೆ ಉಳಿಸಿಕೊಂಡರಲ್ಲ, ಕಿವಿಗೆ ಅದು ಒಪ್ಪಿತು ಅಂತ ತಾನೇ ಅರ್ಥ? ಕವಿ ಬೇಕಂತ ಮಾಡಿದನೋ ಇಲ್ಲವೋ ಗೊತ್ತಿಲ್ಲ, ಕೇಳಿದವರು ಬೇಕಂತ ಉಳಿಸಿದ್ದಾರೆ.

ಕಡಲಾಚೆ ಕರು:
ಡಬ್ಲಿನ್‌ನಿಂದ. ಮಗಳಿಗೆ ಆರು ವರ್ಷ, ರಾತ್ರಿ ಮಲಗಿಸೋಕೆ ಇದೇ ಹಾಡು. "ಆರ ಮೊಲೆಯನು ಕುಡಿಯಲಮ್ಮಾ" ಬಂದ ಕೂಡಲೇ ನನ್ನ ಬಾಯಿಗೆ ಕೈ ಅಡ್ಡ ಇಡ್ತಾಳೆ, ಮುಂದೆ ಹಾಡಬೇಡ ಅಂತ. ಆಮೇಲೆ ತಾನೇ ಕೈ ತೆಗೆದು "ಈಗ ಹಾಡು" ಅಂತಾಳೆ. ಪ್ರಾಸ ಗೀಸ ನನಗೆ ತಿಳಿಯಲ್ಲ. ಆದ್ರೆ ಆರ, ಆರ, ಆರ, ಆರು ಅಂತ ನಾಲ್ಕು ಸಾಲೂ ಒಂದೇ ಪ್ರಶ್ನೆಯಿಂದ ಶುರುವಾಗೋದು ಮಗುವಿಗೆ ತಡೆಯೋಕೆ ಆಗಲ್ಲ.

ತಾಳಮದ್ದಳೆ:
ಅಕ್ಕ, ನೀವು ಹೇಳಿದ್ದೇ ಪ್ರಾಸ. ಗಜಪ್ರಾಸ. ಆ ದೀರ್ಘ 'ಆ' ಇದೆಯಲ್ಲ, ಕರು ಕೂಗಿದ ಹಾಗೇ ಇದೆ.

ಕೊಡಗಿನ ಕಿತ್ತಳೆ:
ಸ್ವಲ್ಪ ಬೇರೆ ದಾರಿಗೆ ಹೋಗ್ತೀನಿ. ನಮ್ಮಲ್ಲಿ ಹಿಂದೆ ಹುಲಿ ಹೊಡೆದವನಿಗೆ ನರಿ ಮಂಗಲ ಮಾಡ್ತಿದ್ರು. ಕೊಡವ ತಕ್ಕಿನಲ್ಲಿ, ಅಂದ್ರೆ ಕೊಡವ ಭಾಷೆಯಲ್ಲಿ, ನರಿ ಅಂದ್ರೆ ಹುಲಿ. ಸತ್ತ ಹುಲಿಯ ಪಕ್ಕ ಅವನನ್ನ ಮದುಮಗನ ಹಾಗೆ ಕೂರಿಸಿ ಮದುವೆಯ ಶಾಸ್ತ್ರ ಮಾಡೋದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಬೇಟೆಯ ಮಾತೇ ಇಲ್ಲ, ಇರಲೂಬಾರದು. ಆದ್ರೆ ನೋಡಿ, ಬೇಟೆಗಾರನಿಗೂ ಕೊಂದ ಪ್ರಾಣಿಗೂ ನೆಂಟಸ್ತಿಕೆ ಕಟ್ಟೋದು ಅಲ್ಲೂ ಇದೆ. ಗೋವಿನ ಹಾಡಿನಲ್ಲಿ ಹುಲಿಯೇ ನೆಂಟಸ್ತಿಕೆ ಕಟ್ಟುತ್ತೆ, "ಎನ್ನ ಒಡಹುಟ್ಟಕ್ಕ ನೀನು" ಅಂತ.

ಎಳೆಮಾವು:
ನರಿ ಅಂದ್ರೆ ಹುಲಿನಾ! ಗೊತ್ತೇ ಇರಲಿಲ್ಲ.

ಹರಿಹರದ ಹೈದ:
ಇನ್ನೊಂದು ಪದ. ಹಳಗನ್ನಡದಲ್ಲಿ 'ಬೇಟ' ಅಂದ್ರೆ ಪ್ರಣಯ, 'ಬೇಂಟೆ' ಅಂದ್ರೆ ಶಿಕಾರಿ. ಒಂದನ್ನ ಇನ್ನೊಂದು ಅಂದ್ಕೊಂಡು ಓದಿದರೆ ಅರ್ಥವೇ ತಿರುಗಿಬಿಡುತ್ತೆ, ವಿದ್ಯಾರ್ಥಿಗಳಿಗೆ ಹೇಳಿಡಿ.

ಗಮಕಾಭಿಮಾನಿ:
@ಕೊಡಗಿನ ಕಿತ್ತಳೆ ನೀವು ಬಹಳ ಮುಖ್ಯವಾದ ಸಾಲನ್ನ ಎತ್ತಿದ್ರಿ. ಅದರ ಜತೆಗೆ ಹುಲಿಯ ಮೊದಲ ಮಾತನ್ನ ಇಟ್ಟು ನೋಡೋಣ. ಹಸು ಕರುವಿಗೆ ಹಾಲು ಕೊಟ್ಟು ಬರ್ತೀನಿ ಅಂದಾಗ ಹುಲಿ ಹೇಳೋದು:

ಹಸಿದ ವೇಳೆಗೆ ಸಿಕ್ಕಿದೊಡವೆಯ
ವಶವ ಮಾಡದೆ ಬಿಡಲು ನೀನು
ನುಸುಳಿ ಹೋಗುವೆ ಮತ್ತೆ ಬರುವೆಯಾ
ಹುಸಿಯನಾಡುವೆ ಎಂದಿತು

'ಸಿಕ್ಕಿದೊಡವೆ'. ಒಡವೆ ಅಂದ್ರೆ ಈಗ ನಮಗೆ ಬಂಗಾರದ ಆಭರಣ. ಇಲ್ಲಿ ಸ್ವತ್ತು, ಕೈಗೆ ಸಿಕ್ಕ ವಸ್ತು. ಬೇಟೆಗಾರನ ಕಣ್ಣಿಗೆ ಹಸು ಒಂದು ವಸ್ತು. ಜೀವ ಅಂತ ಅದಕ್ಕೆ ಇನ್ನೂ ಕಂಡಿಲ್ಲ. ಕೊನೆಗೆ ಅದೇ ಬಾಯಲ್ಲಿ 'ಒಡಹುಟ್ಟಕ್ಕ'. ಎರಡು ಪದದ ಬೇರು ಒಂದೇ ಅಂತ ನಾನು ಹೇಳ್ತಿಲ್ಲ, ಕಿವಿಗೆ ಮಾತ್ರ ಎರಡೂ 'ಒಡ' ಅಂತಲೇ ಶುರು. ಒಡವೆ ಆಗಿದ್ದದ್ದು ಒಡಹುಟ್ಟು ಆಯ್ತು. ಇಡೀ ಹಾಡು ನಡೆದಿರೋದು ಈ ಎರಡು ಪದದ ನಡುವೆ. ನನಗೆ ಇದಕ್ಕಿಂತ ದೊಡ್ಡ ಬೇಟೆಯ ಕಾವ್ಯ ಕನ್ನಡದಲ್ಲಿ ಕಂಡಿಲ್ಲ.

ಗದುಗಿನ ಗಾಳಿ:
ಕೊನೆಯ ವಾಕ್ಯ ಒಪ್ಪಲ್ಲ, ಕುಮಾರವ್ಯಾಸ ಇದ್ದಾನೆ 🙂 ಆದ್ರೆ ಒಡವೆ-ಒಡಹುಟ್ಟು ಮಾತಿಗೆ ಕೈ ಮುಗಿದೆ.

ಕುಮಾರವ್ಯಾಸನ ಹಂದಿಬೇಟೆಗೂ ಇದಕ್ಕೂ ಇರೋ ವ್ಯತ್ಯಾಸವೂ ಅದೇ. ಅಲ್ಲಿ ಮೂಕಾಸುರ ಹಂದಿಯಾಗಿ ಬರ್ತಾನೆ, ಎರಡು ಬಾಣ ಬೀಳುತ್ತೆ, ಸಾಯ್ತಾನೆ. ಆಮೇಲಿನ ಜಗಳವೆಲ್ಲ ಬೇಟೆ ಯಾರದ್ದು ಅಂತ. ಸತ್ತ ಹಂದಿ ನೆಪಕ್ಕೆ ಬಿದ್ದಿರುತ್ತೆ. ಆ ಪ್ರಸಂಗದ ಭಾವ ವೀರ, ಕೊನೆಗೆ ಭಕ್ತಿ. ಭಾಮಿನಿಯ ಮೂರನೇ ಸಾಲು ಉದ್ದ, 23 ಮಾತ್ರೆ. ಅಲ್ಲಿ ಕವಿ ಉಸಿರು ತುಂಬಿ ಓಡ್ತಾನೆ. ಗೋವಿನ ಹಾಡಿನಲ್ಲಿ ಆ ಓಟ ಇಲ್ಲ, ಪ್ರತಿ ನಾಲ್ಕನೇ ಸಾಲಿಗೆ ಉಸಿರು ಕಡಿಯುತ್ತೆ. ನಡಿಗೆ ಒಂದೇ ಆದ್ರೂ ಒಂದು ಬೇಟೆಗಾರನ ಉಸಿರು, ಇನ್ನೊಂದು ಬೇಟೆಗೆ ಸಿಕ್ಕಿದ್ದರ ಉಸಿರು.

ಮಲೆಸೀಮೆ:
ಜನ್ನನ ಯಶೋಧರಚರಿತೆಯನ್ನ ಮರೀಬೇಡಿ. 1209ರದ್ದು, ಕಂದ ಪದ್ಯ. ಬೇಟೆಗೆ ಹೊರಟ ರಾಜ ಯಶೋಮತಿ ದಾರಿಯಲ್ಲಿ ಕಂಡ ಜೈನ ಮುನಿ ಸುದತ್ತಾಚಾರ್ಯರ ಮೇಲೆ ನಾಯಿ ಬಿಡ್ತಾನೆ, ನಾಯಿಗಳು ಮೈಮೇಲೆ ಬೀಳದೆ ತಗ್ಗಿ ನಿಲ್ಲುತ್ತವೆ. ಅಲ್ಲೂ ಬೇಟೆ ನಿಲ್ಲೋದು ಎದುರಿಗಿದ್ದವರು ಓಡದೇ ಇದ್ದದ್ದಕ್ಕೆ.

ಬಂಡೀಪುರದ ಬದಿ:
ಓಡದೇ ನಿಂತರೆ ಹುಲಿ ಬಿಡುತ್ತೆ ಅಂತ ಮಕ್ಕಳಿಗೆ ಮಾತ್ರ ಹೇಳ್ಬೇಡಿ ದಯವಿಟ್ಟು. 2022ರ ಎಣಿಕೆಯಲ್ಲಿ ನಮ್ಮ ರಾಜ್ಯದಲ್ಲೇ 563 ಹುಲಿ. ಕಾಡಂಚಿನ ಮಕ್ಕಳು ಕೇಳಿಸಿಕೊಳ್ತಾರೆ.

ಸೀಮೆಸುಣ್ಣ:
@ಬಂಡೀಪುರದ ಬದಿ ಖಂಡಿತ ಹೇಳಲ್ಲ ಅಣ್ಣ.

ಪ್ರಾಸಬದ್ಧ:
ರಾತ್ರಿ ಎಲ್ಲಾ ಕೂತು ಹಾಡನ್ನ ಮತ್ತೆ ಓದಿದೆ. ನಾನು ಮೊದಲು ಹೇಳಿದ್ದಕ್ಕಿಂತ ದೊಡ್ಡದು ಸಿಕ್ಕಿದೆ, ಸಮಾಧಾನವಾಗಿ ಓದಿ.

ಹುಲಿಗೆ ನಂಬಿಕೆ ಬರಲಿ ಅಂತ ಹಸು ಹೇಳೋದು:

ಸತ್ಯವೇ ನಮ್ಮ ತಾಯಿ ತಂದೆ
ಸತ್ಯವೇ ನಮ್ಮ ಬಂಧು ಬಳಗ
ಸತ್ಯವಾಕ್ಯಕೆ ತಪ್ಪಿ ನಡೆದರೆ
ಮೆಚ್ಚನಾ ಪರಮಾತ್ಮನು

ಮೂರು ಸಲ ಸತ್ಯ, ನಾಲ್ಕನೇದು ಮೆಚ್ಚ. ಪ್ರಾಸ ತಪ್ಪಿತು. ಹಸು ವಾಪಸ್ ಬಂದ ಮೇಲೆ ಹುಲಿ ಅಳುತ್ತಲ್ಲ, ಆ ಪದ್ಯ:

ಪುಣ್ಯಕೋಟಿಯ ಮಾತ ಕೇಳಿ
ಕಣ್ಣನೀರನು ಸುರಿಸಿ ನೊಂದು
ಕನ್ನೆಯಿವಳನು ಕೊಂದು ತಿಂದರೆ
ಮೆಚ್ಚನಾ ಪರಮಾತ್ಮನು

ಅದೇ ಸಾಲು! ಮತ್ತೆ ಅದೇ ಜಾಗದಲ್ಲಿ ಪ್ರಾಸ ತಪ್ಪುತ್ತೆ. ಹಸುವಿನ ಬಾಯಲ್ಲಿದ್ದ ಸಾಲು ಈಗ ಹುಲಿಯ ಮನಸ್ಸಿನಲ್ಲಿದೆ. ಬೇಟೆ ಮುಗಿಯೋದು ಇಲ್ಲಿ. ಹಸುವಿನ ಮಾಂಸ ಹುಲಿಗೆ ಸಿಗಲಿಲ್ಲ, ಹಸುವಿನ ಮಾತು ಸಿಕ್ಕಿತು.

ಆಮೇಲಿನ ಪದ್ಯ:

ಎನ್ನ ಒಡಹುಟ್ಟಕ್ಕ ನೀನು
ನಿನ್ನ ಕೊಂದು ಏನ ಪಡೆವೆನು
ಎನ್ನುತಾ ಹುಲಿ ಹಾರಿ ನೆಗೆದು
ತನ್ನ ಪ್ರಾಣವ ಬಿಟ್ಟಿತು

ಎನ್ನ, ನಿನ್ನ, ಎನ್ನು, ತನ್ನ. ನಾಲ್ಕೂ ಸಾಲಿಗೆ ಪ್ರಾಸ ಗಟ್ಟಿಯಾಗಿ ವಾಪಸ್ ಬಂತು. ಪ್ರಾಸ ಬಿದ್ದಿರೋ ಪದ ಯಾವುವು ನೋಡಿ: ಎನ್ನ, ನಿನ್ನ, ತನ್ನ. ಇದನ್ನ ಆಕಸ್ಮಿಕ ಅನ್ನೋರು ಅನ್ನಲಿ, ನಾನು ಅನ್ನಲ್ಲ.

ಹರಿಹರದ ಹೈದ:
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಶುರುವಿನಲ್ಲಿ ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅಂದಿದ್ದೆ, ಆ ಮಾತು ಹಿಂದಕ್ಕೆ ತಗೊಂಡೆ.

ತಾಳಮದ್ದಳೆ:
'ಹಾರಿ ನೆಗೆದು' ಕೂಡ ಗಮನಿಸಿ. ಮೊದಲ ನೆಗೆತ 'ಛಂಗನೆ', ಹಸುವಿನ ಮೇಲೆ. ಎರಡನೇದು ತನ್ನ ಪ್ರಾಣದ ಮೇಲೆ. ಎರಡನೇದಕ್ಕೆ ಸದ್ದೇ ಇಲ್ಲ. ಘುಡುಘುಡು ಇಲ್ಲ, ಭೋರ್ ಇಲ್ಲ.

ಬಂಡೀಪುರದ ಬದಿ:
ಹಾಗಾದ್ರೆ ಅದೇ ನಿಜವಾದ ಹುಲಿ ನೆಗೆತ.

ಎಳೆಮಾವು:
ನನಗೆ ಮೊದಲಿಂದಲೂ ಹುಲಿ ಸತ್ತಿದ್ದು ಸರಿ ಅನ್ನಿಸಿಲ್ಲ. ಹಸಿದಿತ್ತು, ತಿನ್ನೋಕೆ ಬಂತು, ಅದರಲ್ಲಿ ಅದರ ತಪ್ಪೇನು? ಹಸುವಿಗೆ ಬದುಕು, ಹುಲಿಗೆ ಸಾವು. ಶಾಲೆಯಲ್ಲಿ ಈ ಪ್ರಶ್ನೆ ಕೇಳಿದ್ದಕ್ಕೆ ಬೈಸಿಕೊಂಡಿದ್ದೆ.

ಕಡಲಾಚೆ ಕರು:
ನನ್ನ ಮಗಳೂ ಅದನ್ನೇ ಕೇಳ್ತಾಳೆ. "ಹುಲಿ ಅನ್ನ ತಿನ್ನಬಹುದಿತ್ತಲ್ಲ?" ಅಂತ.

ಗಮಕಾಭಿಮಾನಿ:
ಅದಕ್ಕೇ ಈ ಹಾಡಿನ ಕೊನೆ ಪೂರ್ತಿ ಶಾಂತ ಆಗಲ್ಲ. ರೌದ್ರದಿಂದ ಶುರು, ಕರುಣದಲ್ಲಿ ಬಹಳ ಹೊತ್ತು ನಿಲ್ಲುತ್ತೆ. ಕೊನೆಗೆ ಕರು ಉಳೀತು ಅನ್ನೋ ಸಮಾಧಾನದ ಒಳಗೇ ಹುಲಿ ಹೋಯ್ತು ಅನ್ನೋ ನೋವು ಉಳಿಯುತ್ತೆ. ಕರುಣ ಹಸುವಿನಿಂದ ಹುಲಿಗೆ ದಾಟುತ್ತೆ. @ಎಳೆಮಾವು, ನಿಮ್ಮ ಪ್ರಶ್ನೆಗೆ ಬೈಯಬಾರದಿತ್ತು.

ಗದುಗಿನ ಗಾಳಿ:
ಹಾಡಿನ ಉದ್ದನೆಯ ಪಾಠದಲ್ಲಿ, ಅಂದ್ರೆ ಉದ್ದನೆಯ ರೂಪದಲ್ಲಿ, ಹುಲಿ ಸತ್ತ ಮೇಲೂ ಹಾಡು ಮುಂದುವರಿಯುತ್ತೆ. ಹಸು ಕರುವಿಗೆ ಹಾಲೂಡಿಸಿ, ಗೊಲ್ಲನನ್ನ ಕರೆದು, ಪ್ರತಿ ಸಂಕ್ರಾಂತಿಗೆ ಕೃಷ್ಣನ ಭಜನೆ ಮಾಡಿ ಅಂತ ಹೇಳುತ್ತೆ. ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಹುಲಿಯ ಸಾವಿಗೇ ನಿಲ್ಲುತ್ತೆ. ಎಲ್ಲಿ ನಿಲ್ಲಿಸ್ತೀರಿ ಅನ್ನೋದರ ಮೇಲೆ ಭಾವವೇ ಬೇರೆ ಆಗುತ್ತೆ.

ಮಲೆಸೀಮೆ:
ಗುಜರಾತಿನಲ್ಲೂ ಬಹುಲಾ ಅಂತ ಒಂದು ಹಸುವಿನ ಕಥೆ ಇದೆ, ವ್ರತವೂ ಇದೆ. ಅಲ್ಲಿ ಎದುರಿಗೆ ಬರೋದು ಸಿಂಹ, ಕೊನೆಗೆ ಅದು ಪರೀಕ್ಷೆ ಮಾಡೋಕೆ ಬಂದ ಕೃಷ್ಣ ಅಂತ ಗೊತ್ತಾಗುತ್ತೆ. ನಮ್ಮ ಹುಲಿ ದೇವರಲ್ಲ, ಹುಲಿಯೇ. ಹುಲಿಯಾಗೇ ಸಾಯುತ್ತೆ. ನನಗೆ ನಮ್ಮದೇ ಇಷ್ಟ.

ಸೀಮೆಸುಣ್ಣ:
ಇವತ್ತು ಪಾಠ ಆಯ್ತು, ಅದಕ್ಕೇ ಬರೀತಿದ್ದೀನಿ. ಅರ್ಥ ಹೇಳೋದಕ್ಕೆ ಮೊದಲು ಬೆಂಚಿನ ಮೇಲೆ ಮೂರು-ನಾಲ್ಕು, ಮೂರು-ನಾಲ್ಕು ತಟ್ಟಿಸಿದೆ. 'ಘುಡುಘುಡಿಸಿ' ಬಂದಾಗ ಅರ್ಧ ತರಗತಿ ತಾಳ ತಪ್ಪಿತು. ಯಾಕೆ ತಪ್ಪಿತು ಅಂತ ಅವರೇ ಕಂಡುಹಿಡಿದರು, ಪದ ಒಡೆದಿದೆ ಮಿಸ್ ಅಂತ. 'ಮೆಚ್ಚನಾ ಪರಮಾತ್ಮನು' ಎರಡು ಸಲ ಬಂದದ್ದನ್ನ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಇದು ಯಾರ ಮಾತು ಅಂತ ಕೇಳಿದೆ. ಆ ಕೊನೆ ಬೆಂಚಿನ ಹುಡುಗಿ, "ಮೊದಲು ಹಸೂದು, ಆಮೇಲೆ ಹುಲೀದು. ಹುಲಿ ಹಸು ಹತ್ರ ಕಲಿತುಕೊಂಡಿದೆ" ಅಂದಳು.

ಆಮೇಲೆ ಇನ್ನೊಬ್ಬ ಹುಡುಗ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹುಲಿಗೂ ಮರಿ ಇದ್ದಿರಬಹುದಾ ಮಿಸ್, ಅಂದ. ಯಾರಾದ್ರೂ ಹಾಡಿದ ಬೇರೆ ಪಾಠದಲ್ಲಿ ಹುಲಿಮರಿಯ ಮಾತು ಬಂದಿದೆಯಾ? ಅಜ್ಜಿಯರು ಹಾಡಿದ್ದು ಯಾರ ಹತ್ತಿರವಾದ್ರೂ ರೆಕಾರ್ಡ್ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.

ತಾಳಮದ್ದಳೆ:
ನಮ್ಮ ಅತ್ತೆ ಹಾಡಿದ್ದು ಒಂದು ಕ್ಯಾಸೆಟ್ಟಿನಲ್ಲಿದೆ, ಎಂಬತ್ತರ ದಶಕದ್ದು. 'ಖಂಡವಿದೆಕೋ' ಬಂದಾಗ ಹಾಡೋದು ನಿಲ್ಲಿಸಿ ಬರೀ ಮಾತಿನಲ್ಲಿ ಹೇಳ್ತಾರೆ. ಮರಿಯ ವಿಷಯ ನೆನಪಿಲ್ಲ. ಭಾನುವಾರ ಊರಿಗೆ ಹೋದಾಗ ಕೇಳಿ ಹೇಳ್ತೀನಿ.